ಒಂದೇ ಸೌಟು ಎಣ್ಣೆ

ಕರಡಿಯ ಬಾಯಿಯೊಳಗಿಂದ ನೋಡಿದರೆ ಜಗತ್ತು ಅಂಗೈಯಗಲ. ಆ ಅಂಗೈಯಗಲಕ್ಕೂ, ಒಳಗಿರುವವನ ಮುಖ ಕಾಣಬಾರದೆಂದು, ಕಪ್ಪು ಬಲೆ ಹೊಲಿದಿದ್ದರು. ಬಲೆಯ ಆಚೆ ಒಂದು ಕೆಂಪು ಜಾಕೆಟ್ಟು, ಜಾಕೆಟ್ಟಿನ ಮೇಲೆ ಅಳಲೋ ಬೇಡವೋ ಎಂದು ಯೋಚಿಸುತ್ತಿದ್ದ ಮಗುವಿನ ಮುಖ, ಅದರ ಹಿಂದೆ ಮೊಬೈಲು ಎತ್ತಿ ಹಿಡಿದ ಅಪ್ಪ. ಕುಣಿ, ಕುಣಿ ಎಂದು ಅಪ್ಪ ಕೈಸನ್ನೆ ಮಾಡಿದ. ಪ್ರವೀಣ್‌ಕುಮಾರ್ ಎಡಗಾಲು ಎತ್ತಿದ, ಬಲಗಾಲು ಎತ್ತಿದ, ಸೊಂಟ ಅಲ್ಲಾಡಿಸಿದ. ಕಾಲಡಿಯ ಐಸು ಗರಗರ ಅನ್ನುವ ಬದಲು ಪಚಪಚ ಅಂದಿತು. ಬೆಳಗ್ಗೆಯಿಂದ ಕಂಪ್ರೆಸರ್ ಕೆಮ್ಮುತ್ತಿತ್ತು. ಊಟಿಯಿಂದ ದೊಡ್ಡಬೆಟ್ಟಕ್ಕೆ ಹೋಗುವ ರಸ್ತೆಯಲ್ಲಿ ಒಂದು ತಗಡಿನ ಶೆಡ್ಡು ಹಾಕಿ, ಅದಕ್ಕೆ 'ಹಿಮಲೋಕ' ಎಂದು ಬೋರ್ಡು ಬರೆಸಿ, ಒಳಗೆ ಯಂತ್ರದಿಂದ ಹಿಮ ಉದುರಿಸುತ್ತಿದ್ದರು. ಚಳಿ ಬೇಕೆಂದೇ ಊಟಿಗೆ ಹತ್ತಿ ಬಂದ ಜನ, ಈ ಚಳಿ ಸಾಲದು ಎಂದು ಟಿಕೆಟ್ಟು ಕೊಂಡು ಒಳಗೆ ಬರುತ್ತಿದ್ದರು. ಅವರು ನಡುಗುತ್ತ ನಗುವಾಗ ಬಿಳಿ ಉಣ್ಣೆಯ ಕರಡಿಯೊಳಗೆ ಪ್ರವೀಣ್‌ಕುಮಾರ್ ಬೆವರುತ್ತಿದ್ದ. ಬೆವರು ಹುಬ್ಬಿನಿಂದ ಕಣ್ಣಿಗೆ ಇಳಿದರೆ ಒರೆಸಿಕೊಳ್ಳುವಂತಿಲ್ಲ. ಕೈ ಇದ್ದದ್ದು ಕರಡಿಯ ಪಂಜದೊಳಗೆ, ಮುಖ ಇದ್ದದ್ದು ಕರಡಿಯ ತಲೆಯೊಳಗೆ. ಆ ಪಂಜದೊಳಗಿನ ಬೆರಳುಗಳಿಗೆ ಇನ್ನೂ ಎಳ್ಳೆಣ್ಣೆಯ ವಾಸನೆ ಇದೆ ಅನ್ನಿಸಿತು ಅವನಿಗೆ. ನಿನ್ನೆ ಸೋಪು ಹಾಕಿ ತೊಳೆದಿದ್ದ. ಇವತ್ತು ಬೆಳಗ್ಗೆ ಬಸ್ಸು ಹತ್ತುವ ಮುಂಚೆ ಬೂದಿ ಹಾಕಿ ಉಜ್ಜಿದ್ದ. ವಾಸನೆ ಬೆರಳಲ್ಲಿದೆಯೋ ಮೂಗಿನಲ್ಲಿದೆಯೋ ನೋಡೋಣವೆಂದರೆ ಬೆರಳನ್ನು ಮೂಗಿನ ಹತ್ತಿರ ತರಲು ಬರುವಂತಿರಲಿಲ್ಲ.

ಮಧ್ಯಾಹ್ನಕ್ಕೆ ಮುಂಚೆ ಕೊಯಮತ್ತೂರಿನ ಕಡೆಯ ಒಂದು ಶಾಲೆಯ ಮಕ್ಕಳು ಬಂದರು. ಎಲ್ಲರ ಜಾಕೆಟ್ಟುಗಳೂ ಮೊಣಕಾಲಿನವರೆಗೆ. ಟೀಚರಮ್ಮ ಒಳ್ಳೆಯವರು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಹಿಮಕರಡಿ ಏನು ತಿನ್ನುತ್ತದೆ ಯಾರು ಹೇಳ್ತೀರಿ ಎಂದು ಕೇಳಿದರು. ಐಸ್‌ಕ್ರೀಮ್ ಎಂದಿತು ಒಂದು ಮಗು. ಎಲ್ಲರೂ ನಕ್ಕರು, ಟೀಚರಮ್ಮನೂ ನಕ್ಕರು. ನಗುವ ಮಾತೇ ಅದು, ಇನ್ನೊಂದು ದಿನವಾಗಿದ್ದರೆ ಪ್ರವೀಣನೂ ನಗುತ್ತಿದ್ದ. ಆದರೆ ಇವತ್ತು ಅವನ ಎದೆಯಲ್ಲಿ ಏನೋ ಒಂದು ಬೆಳಗ್ಗೆಯಿಂದ ಹೊರಗೆ ಬರಲು ದಾರಿ ಹುಡುಕುತ್ತಿತ್ತು, ಅದಕ್ಕೆ ಸಿಕ್ಕಿದ್ದು ಈ ದಾರಿ. ಸೀಲ್ ತಿನ್ನುತ್ತದೆ, ಎಂದ ಕರಡಿಯೊಳಗಿಂದ. ನಾಯಿಯ ಮೋರೆ, ಮೀನಿನ ಮೈ, ಅಂಥ ಪ್ರಾಣಿ. ಅದು ಉಸಿರಾಡಲು ಐಸಿನಲ್ಲಿ ತೂತು ಮಾಡಿಕೊಂಡಿರುತ್ತದೆ. ಕರಡಿ ಆ ತೂತಿನ ಪಕ್ಕ ಮಿಸುಕಾಡದೆ ಕಾಯುತ್ತದೆ. ಈಗ ಐಸು ಬೇಗ ಕರಗುತ್ತದೆ, ತಡವಾಗಿ ಹೆಪ್ಪುಗಟ್ಟುತ್ತದೆ. ಎಲ್ಲೆಲ್ಲೂ ನೀರೇ ಆದರೆ ಸೀಲಿಗೆ ತೂತು ಯಾಕೆ ಬೇಕು, ಎಲ್ಲಿ ಬೇಕಾದರೂ ತಲೆ ಎತ್ತಿ ಉಸಿರಾಡಬಹುದು. ಕರಡಿ ಎಲ್ಲಿ ಅಂತ ಕಾಯುವುದು? ಈಜಿ ಹಿಡಿಯೋಣ ಅಂದರೆ ನೀರಿನಲ್ಲಿ ಸೀಲಿನ ಸಮಕ್ಕೆ ಅದು ಬಾರದು. ದಡಕ್ಕೆ ಬಂದು ಉಪವಾಸ ಬೀಳುತ್ತದೆ, ತಾಯಿಗೆ ಹಾಲು ಬತ್ತುತ್ತದೆ, ಮರಿ... ಅವನು ತಮಿಳಿನಲ್ಲಿ ಹೇಳುತ್ತಿದ್ದ, ಚೆನ್ನಾಗಿಯೇ ಹೇಳುತ್ತಿದ್ದೇನೆ ಅಂದುಕೊಂಡಿದ್ದ. ಆದರೆ ಉಣ್ಣೆ, ಸ್ಪಂಜು, ಬಲೆ ಎಲ್ಲವನ್ನೂ ದಾಟಿ ಹೊರಗೆ ಬಂದದ್ದು ಮಾತಲ್ಲ, ಒಂದು ಗೊರಗೊರ. ಮುಂದಿನ ಸಾಲಿನ ಹುಡುಗಿಯೊಬ್ಬಳು ಕಿರುಚಿ ಟೀಚರಮ್ಮನ ಸೀರೆ ಹಿಡಿದಳು. ಅವಳ ಹಿಂದೆ ಇನ್ನೊಂದು, ಮತ್ತೊಂದು. ಇವನು ಸಮಾಧಾನ ಮಾಡಲು ಪಂಜ ಚಾಚಿದ. ಅದು ಇನ್ನೂ ಕೆಟ್ಟದಾಯಿತು.

ಮೇಲ್ವಿಚಾರಕ ಕಾರ್ತಿ ಅವನನ್ನು ಯಂತ್ರದ ಕೋಣೆಗೆ ಕರೆದುಕೊಂಡು ಹೋಗಿ ಕರಡಿಯ ತಲೆ ತೆಗೆಸಿದ. ಕಾರ್ತಿಗೆ ಇವನಿಗಿಂತ ತುಂಬ ಕಡಿಮೆ ವಯಸ್ಸು. ಬೈಯುವಾಗಲೂ ಅಣ್ಣಾ ಅನ್ನುತ್ತಾನೆ, ಅದರಿಂದಲೇ ಬೈಗುಳ ಇನ್ನಷ್ಟು ಒಳಗೆ ಇಳಿಯುತ್ತದೆ. "ಅಣ್ಣಾ, ಜನ ಇಲ್ಲಿಗೆ ಕುಣಿಯೋಕೆ ಬರ್ತಾರೆ. ಕರಡಿ ಸಾಯ್ತಿದೆ ಅಂತ ಕರಡೀನೇ ಹೇಳಿದ್ರೆ ಯಾರು ಟಿಕೆಟ್ ತಗೋತಾರೆ? ಕರಡಿ ಮಾತಾಡಬಾರದು. ಅಷ್ಟೇ." ಪ್ರವೀಣ್‌ಕುಮಾರ್ ತಲೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. ಸರಿ ತಂಬಿ, ಎಂದ. ಹಾಗೆ ಅಂದದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು. ಮಕ್ಕಳನ್ನು ಅಳಿಸಿದ್ದಕ್ಕಲ್ಲ ಸಿಟ್ಟು. ಅಷ್ಟು ಚೆನ್ನಾಗಿ ಬಾಯಿಗೆ ಬಂದ ಮಾತು ಅದು, ಅಲ್ಲಿಯ ಕರಡಿಯ ಹಸಿವಿನ ಮಾತು. ಇಲ್ಲಿಯ ಮಾತು ಯಾಕೆ ನಿನ್ನೆಯಿಂದ ನಾಲಿಗೆಯ ಬುಡಕ್ಕೇ ಬರುತ್ತಿಲ್ಲ ಎಂಬ ಸಿಟ್ಟು.

ಅಲ್ಲಿಯ ಕರಡಿ ಅವನಿಗೆ ಪರಿಚಯವಾದದ್ದು ಕಟ್ಟಬೆಟ್ಟಿನಿಂದ ಊಟಿಗೆ ಬರುವ ಬಸ್ಸಿನಲ್ಲಿ, ಮೊಬೈಲಿನ ವಿಡಿಯೋಗಳಲ್ಲಿ. ಈ ವೇಷ ಹಾಕುವ ಕೆಲಸ ಸಿಕ್ಕ ಹೊಸದರಲ್ಲಿ, ಹಾಕುವ ವೇಷದ ನಡಿಗೆಯಾದರೂ ತಿಳಿದಿರಲಿ ಎಂದು ನೋಡಲು ಶುರು ಮಾಡಿದ. ಆಮೇಲೆ ಬಿಡಲು ಆಗಲಿಲ್ಲ. ಇಂಗ್ಲಿಷು ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ಚಿತ್ರ ಹೇಳುತ್ತಿತ್ತು. ಕರಡಿ ತಿಂದು ಬಿಟ್ಟದ್ದನ್ನು ತಿಂದು ಬದುಕುವ ಬಿಳಿ ನರಿಯೊಂದಿದೆ, ಕರಡಿಗೆ ಬೇಟೆಯಿಲ್ಲದಿದ್ದರೆ ಅದೂ ಹಿಂದೆ ಹಿಂದೆ ಬರಿದೇ ನಡೆಯುತ್ತದೆ. ಐಸು ಬೇಲಿಯಾಗಿ ನಿಂತು ತಡೆದಿದ್ದ ಕಡಲಿಗೆ ಈಗ ಕಪ್ಪು ಬಿಳುಪಿನ ಕೊಲ್ಲುವ ತಿಮಿಂಗಿಲಗಳು ನುಗ್ಗಿ ಬರುತ್ತವೆ. ಒಬ್ಬನ ಬೇಟೆಯ ಜಾಗ ಹೋಯಿತು ಅಂದರೆ ಇನ್ನೊಬ್ಬ ಅಲ್ಲಿ ಹಾಜರು. ಒಂದು ಚಿತ್ರವಂತೂ ಅವನ ಕಣ್ಣಿನಿಂದ ಹೋಗಲಿಲ್ಲ: ಕಲ್ಲುಗಳ ದಡ, ಮೈಮೇಲೆ ಚರ್ಮ ಜೋತುಬಿದ್ದ ಕರಡಿ, ಕಡಲು ಹೆಪ್ಪುಗಟ್ಟಲೆಂದು ಕಾಯುತ್ತ ಕಾಯುತ್ತ ಕೊನೆಗೆ ಊರಿನ ಕಸದ ಗುಂಡಿಗೆ ತಲೆ ಹಾಕುತ್ತದೆ. ಅದನ್ನು ನೋಡಿದ ಸಂಜೆಯೇ ಅವನ ಮನೆಗೆ ದೀಪದ ವಾರ ಬಂದದ್ದು. ಕೀಳ್ ಕೋತಗಿರಿಯ ಇಳಿಜಾರಿಗೆ ಮುಖ ಮಾಡಿದ ಅವನ ಹಟ್ಟಿಯಲ್ಲಿ ಅಂಚಿಗೊಂದು ಗುಡಿ, ಗುಡಿಗೆ ವಾರಕ್ಕೊಂದು ಮನೆಯವರು ಸಂಜೆ ದೀಪ ಹಚ್ಚಬೇಕು. ಹಚ್ಚಿದ ದೀಪವನ್ನು ಯಾರೂ ಆರಿಸುವಂತಿಲ್ಲ, ಅದರ ಎಣ್ಣೆಯನ್ನು ಯಾರೂ ತೆಗೆಯುವಂತಿಲ್ಲ. ತಾನಾಗಿ ಉರಿದು ತಾನಾಗಿ ಆರಬೇಕು. ಕಾಡಿನ ಕರಿ ಕರಡಿಗೆ ಆ ಎಣ್ಣೆಯ ರುಚಿ ಹತ್ತಿದ ಮೇಲೆ, ಗುಡಿಯ ಬಾಗಿಲನ್ನು ಅದು ಕಿತ್ತು ಹಾಕಿದ ಮೇಲೆ, ಕೂಟ ಸೇರಿ ಒಂದು ಕಟ್ಟು ಮಾಡಿದ್ದರು: ದೀಪಕ್ಕೆ ಒಂದೇ ಸೌಟು ಎಣ್ಣೆ. ಹೊತ್ತು ಪೂರ್ತಿ ಮುಳುಗುವ ಮುಂಚೆ ಅದು ಉರಿದು ಮುಗಿದಿರುತ್ತದೆ. ಕರಡಿ ಬಂದರೆ ಒಣ ಬಟ್ಟಲು ನೆಕ್ಕಿ ಹೋಗಲಿ. ದೇವರಿಗೂ ಮೋಸವಿಲ್ಲ, ಹಟ್ಟಿಗೂ ಭಯವಿಲ್ಲ.

ವಾರದ ಮೊದಲ ಸಂಜೆ ಪ್ರವೀಣ್‌ಕುಮಾರ್ ಒಂದು ಸೌಟು ಹುಯ್ದ. ಬಟ್ಟಲಿನ ತಳ ಮಾತ್ರ ಒದ್ದೆಯಾಯಿತು. ಕೆಳಗೆ ಅಪ್ಪ ನೆಟ್ಟ ಚಹಾ ಗಿಡಗಳು, ಅದರ ಕೆಳಗೆ ಯಾರ್ಯಾರೋ ನೆಟ್ಟ ಚಹಾ ಗಿಡಗಳು, ಕಣ್ಣು ಹೋಗುವಷ್ಟು ದೂರವೂ ಬಾಚಿದ ತಲೆಯ ಹಾಗೆ ಒಂದೇ ಹಸಿರು. ಆ ಇಳಿಜಾರಿನಲ್ಲಿ ನೇರಳೆ ಇತ್ತು, ಹುತ್ತ ಇತ್ತು, ಜೇನು ಇತ್ತು, ನಿನ್ನಪ್ಪ ಗಿಡ ನೆಡುವಾಗ ಎಲ್ಲವನ್ನೂ ಕಿತ್ತ ಎಂದು ಅವ್ವೆ ಹೇಳುತ್ತಿದ್ದದ್ದು ನೆನಪಾಯಿತು. ಇಲ್ಲಿ ಕರಗಿದ್ದು ಐಸಲ್ಲ, ಅಷ್ಟೇ ಎಂದುಕೊಂಡ. ಇನ್ನೊಂದು ಸೌಟು ಹುಯ್ದ. ಆಮೇಲೆ ಸೌಟನ್ನು ಬಿಟ್ಟು ಡಬ್ಬಿಯನ್ನೇ ಬಗ್ಗಿಸಿದ. ಎಣ್ಣೆ ಅಂಚಿಗೆ ಬಂದು, ದುಂಡಗಾಗಿ ನಿಂತು, ಇನ್ನೇನು ಚೆಲ್ಲಬೇಕು ಅನ್ನುವಾಗ ನಿಲ್ಲಿಸಿದ. ಎಂಥ ಸುಖವಾಗಿತ್ತು ಅದು. ಭೂಮಿಗೇ ಏನೋ ಮಾಡಿದ ಹಾಗೆ. ಮಾರನೆಯ ಸಂಜೆಯೂ ಹುಯ್ದ, ಅದರ ಮಾರನೆಯ ಸಂಜೆ ಹುಯ್ದು ಮನೆಗೆ ಹೋಗದೆ ಗಿಡಗಳ ಸಾಲಿನ ಹಿಂದೆ ಕುಳಿತು ಕಾದ. ಬಂತು ಅದು. ಎದೆಯ ಮೇಲೆ ಬಿಳಿ ಗೆರೆ, ಉದ್ದ ಮೂತಿ, ಮುದುಕಿ ಕಾಫಿ ಹೀರುವ ಹಾಗೆ ಸೊರ್ ಸೊರ್ ಎಂದು ಎಣ್ಣೆ ಹೀರಿತು. ಅವನ ಕಣ್ಣಲ್ಲಿ ನೀರು ಬಂತು. ಹೆಂಡತಿ ಸಿಂಧುಜಾಗೂ ಹೇಳಲಿಲ್ಲ. ನಿನ್ನೆ ಮುಂಜಾನೆ ಅದೇ ಸಾಲಿನಲ್ಲಿ ಎಲೆ ಕೊಯ್ಯಲು ಬಂದ ಕರಿಯಮ್ಮ ಗಿಡದ ಮೇಲೆ ಬಾಗಿದಾಗ, ಗಿಡದ ಆಚೆ, ಹೊಟ್ಟೆ ತುಂಬಿದ ಅದು ಇನ್ನೂ ಮಲಗಿತ್ತು.

ಊಟದ ಹೊತ್ತಿಗೆ ಕರಡಿಯ ಮೈಯನ್ನು ಸೊಂಟದವರೆಗೆ ಇಳಿಸಿಕೊಂಡು ಜಾಕೆಟ್ಟು ಕೊಡುವ ಕಟ್ಟೆಯ ಹಿಂದೆ ಹೋದ. ಅಲ್ಲಿ ಸತ್ಯಾ, ಕರಿಯಮ್ಮನ ಮಗಳು, ಜನ ಬಿಚ್ಚಿ ಹಾಕಿದ ಒದ್ದೆ ಬೂಟುಗಳನ್ನು ಜೋಡಿ ಮಾಡುತ್ತಿದ್ದಳು. ಈ ಕೆಲಸ ಅವಳಿಗೆ ಕೊಡಿಸಿದವನು ಪ್ರವೀಣನೇ. ಅದಕ್ಕೆ ಅವಳಿಗೆ ಇವನನ್ನು ಕಂಡರೆ ಗೌರವ. ಇವತ್ತು ಆ ಗೌರವ ಬೂಟಿನೊಳಗಿನ ಕಲ್ಲಿನ ಹಾಗೆ ಚುಚ್ಚಿತು. ರಜೆ ಹಾಕಬಾರದಾಗಿತ್ತಾ ಎಂದ. ಆಸ್ಪತ್ರೆಯಲ್ಲಿ ಕೂತು ಏನು ಮಾಡಲಿ ಅಣ್ಣಾ, ಅವ್ವನೇ ಹೋಗು ಹೋಗು ಅಂತ ಅಟ್ಟಿತು, ಎಂದಳು. ಭುಜಕ್ಕೂ ತೋಳಿಗೂ ಹೊಲಿಗೆ ಹಾಕಿದ್ದಾರೆ, ಬೆರಳು ಆಡಿಸ್ತಾಳೆ, ಆದರೆ ಎಲೆ ಕೊಯ್ಯೋಕೆ ಆ ಕೈ ಮತ್ತೆ ಏಳುತ್ತೋ ಇಲ್ಲವೋ ಈಗಲೇ ಹೇಳೋಕಾಗಲ್ಲ ಅಂದರಂತೆ ಡಾಕ್ಟರು. ಇದನ್ನೆಲ್ಲ ಅವಳು ಬೂಟಿನ ನೀರು ಸುರಿಯುತ್ತ, ಬೇರೆ ಯಾರದೋ ಸುದ್ದಿಯ ಹಾಗೆ ಹೇಳಿದಳು. ಆಮೇಲೆ ಇದ್ದಕ್ಕಿದ್ದಂತೆ ನಕ್ಕಳು. "ನಮ್ಮವ್ವ ಏನಂತು ಗೊತ್ತಾ ಅಣ್ಣಾ? ಅದು ಮೇಲೆ ಬಿದ್ದು ಬಾಯಿ ತೆಗೀತಲ್ಲ, ಆಗ ಗುಡಿ ವಾಸನೆ ಬಂತಂತೆ. ದೀಪದ ಎಣ್ಣೆ ವಾಸನೆ. ಸಾಯೋ ಹೊತ್ತಲ್ಲಿ ಸ್ವಾಮಿ ಬಂದ್ರು ಅಂದ್ಕೊಂಡು ಕೈ ಮುಗಿಯೋಕೆ ಹೋದಳಂತೆ. ಅದಕ್ಕೇ ಕೈಗೆ ಬಿತ್ತು ಏಟು, ಇಲ್ಲಾಂದ್ರೆ ಮುಖಕ್ಕೆ ಬೀಳ್ತಿತ್ತು." ಇವನೂ ನಗಬೇಕಿತ್ತು. ತುಟಿಗಳು ಎರಡು ಕಡೆಗೂ ಹೋದವು. ನೀವು ಬಂದು ನೋಡಿ ಅಣ್ಣಾ, ನಿಮ್ಮನ್ನ ಕೇಳ್ತಿತ್ತು ಅವ್ವ, ಪಾಪ ಅವನ ತೋಟದಲ್ಲಿ ಆಯ್ತಲ್ಲ, ಅವನಿಗೆ ಎಷ್ಟು ಬೇಜಾರಾಗಿರುತ್ತೋ ಅಂತು. ಬರ್ತೀನಿ, ಎಂದ ಪ್ರವೀಣ್‌ಕುಮಾರ್. ಬೆರಳನ್ನು ಮೂಗಿನ ಹತ್ತಿರ ತಂದು ನೋಡಿದ. ಒದ್ದೆ ಉಣ್ಣೆಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಇದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಅವನ ಡಬ್ಬಿಯ ಅನ್ನ ಹಾಗೇ ಇರುವಾಗ ಸಿಂಧುಜಾಳ ಫೋನು ಬಂತು. ಅವಳು ಎಲೆ ತೂಕದ ಶೆಡ್ಡಿನಿಂದ ಮಾತಾಡುತ್ತಿದ್ದಳು, ಹಿಂದೆ ಹೆಂಗಸರ ಗದ್ದಲ. ಬೆಳಗ್ಗೆ ಹಟ್ಟಿಯಲ್ಲಿ ಕೂಟ ಸೇರಿತ್ತಂತೆ. ಗುಡಿಯ ಮೆಟ್ಟಿಲಿನ ತುಂಬ ಎಣ್ಣೆ ಚೆಲ್ಲಿದ್ದನ್ನು ನೋಡಿದವರೆಲ್ಲ ಇದು ಒಂದು ಸೌಟಿನ ಲೆಕ್ಕವಲ್ಲ ಅಂದರಂತೆ. ಈ ವಾರದ ಮನೆ ಯಾವುದು ಎಂದು ಎಲ್ಲರಿಗೂ ಗೊತ್ತು. ದೇವರಿಗೆ ಅಳತೆ ಹಾಕಿ ಎಣ್ಣೆ ಹುಯ್ಯುವ ಕಾಲ ಬಂತಲ್ಲ ಎಂದು ಕಟ್ಟು ಮಾಡಿದ ದಿನವೇ ಗೊಣಗಿದ್ದವಳು ಯಾರು ಎಂಬುದೂ ಎಲ್ಲರಿಗೂ ಗೊತ್ತು. ಅವನ ಅವ್ವೆ, ಕೆಂಪಿ. ಹಟ್ಟಿಯ ಗೌಡ ಹಾಲಪ್ಪ ಇನ್ನೂ ಕೇಳಿಯೇ ಇರಲಿಲ್ಲ. "ಮಾಮಿ ತಾವಾಗೇ ಎದ್ದು, ಮಗ ಹಚ್ಚಿ ಬಂದ ಮೇಲೆ ನಾನೇ ಹೇಂಗೋ ಮೆಟ್ಟಿಲು ಹತ್ತಿ ತುಂಬ ಹುಯ್ದೆ ಅಂದುಬಿಟ್ಟರು. ಈ ವಾರ ಕಳೆದ ಮೇಲೆ ನಮ್ಮ ಮನೆಗ ದೀಪದ ವಾರ ಇಲ್ಲೆ ಅಂತ ಕೂಟ ಹೇಳಿತು. ಸಂಜೆಗ ಕೂಂಡು ಬರ್ತದೆ, ಕರಡಿ ಹಿಡಿಯಕ್ಕ." ಆಮೇಲೆ ಅವಳು ಕೇಳಿದಳು, ನಿಮಗ ಗೊತ್ತಿತ್ತಾ, ಮಾಮಿ ಹೀಂಗ ಮಾಡ್ತಿದ್ದದು? ಇಲ್ಲೆ, ಎಂದ ಪ್ರವೀಣ್‌ಕುಮಾರ್. ಎಷ್ಟು ಬೇಗ ಬಂತು ಆ ಮಾತು, ನಾಲಿಗೆಯ ತುದಿಯಲ್ಲೇ ಕುಳಿತಿತ್ತೇನೋ ಅನ್ನುವ ಹಾಗೆ.

ಅವ್ವೆಗೆ ದೀಪದ ವಾರವೆಂದರೆ ಏನು ಎಂಬುದನ್ನು ಅವನು ಯಾರಿಗೂ ವಿವರಿಸಬೇಕಾಗಿ ಬಂದಿರಲಿಲ್ಲ. ವಾರ ಬರುವ ಮುಂಚೆಯೇ ಒಳಮನೆ ಸಾರಿಸಿ, ಬತ್ತಿ ಹೊಸೆದು, ಉಡುವ ಬಿಳಿ ಮುಂಡು ಒಗೆದು ಒಣಗಿಸಿ ಮಡಿಚಿಟ್ಟುಕೊಳ್ಳುತ್ತಿದ್ದಳು. ಮೊಣಕಾಲು ಕೈಕೊಟ್ಟು ಗುಡಿಯ ಮೆಟ್ಟಿಲು ಹತ್ತುವುದು ಕಷ್ಟವಾದ ಮೇಲೆ ಮಗನ ಕೈಗೆ ಡಬ್ಬಿ ಕೊಟ್ಟು, ಅವನು ಹಚ್ಚಿ ಬರುವವರೆಗೂ ಬಾಗಿಲಲ್ಲಿ ನಿಂತಿರುತ್ತಿದ್ದಳು. ಅವನು ಚಿಕ್ಕವನಾಗಿದ್ದಾಗ ಒಮ್ಮೆ ಎಮ್ಮೆಯ ಹಾಲು ಚೆಲ್ಲಿ ಬೆಕ್ಕಿನ ಮೇಲೆ ಹೇಳಿದ್ದ. ಅವ್ವೆ ಬೆಕ್ಕಿಗೆ ಬೈದಳು, ತುಂಬ ಹೊತ್ತು ಬೈದಳು, ಬೈಯುವಷ್ಟು ಹೊತ್ತೂ ಇವನ ಕಡೆ ನೋಡಲೇ ಇಲ್ಲ. ಇದು ಯಾಕೆ ಈಗ ನೆನಪಾಗಬೇಕು. ಫೋನು ಮಾಡಿ ಗೌಡರಿಗೆ ಹೇಳಿಬಿಡುವುದು ಎಷ್ಟು ಹೊತ್ತಿನ ಕೆಲಸ. ನಾನು ಹುಯ್ದೆ ಮಾಮಾ, ಅವ್ವೆಯಲ್ಲ. ಯಾಕೆ ಹುಯ್ದೆ ಅನ್ನುತ್ತಾರೆ. ಆಗ ಏನು ಹೇಳುವುದು, ಎಲ್ಲೋ ಕಡಲು ಕರಗುತ್ತಿದೆ ಮಾಮಾ, ಅಲ್ಲಿ ಬಿಳಿ ಕರಡಿ ಹಸಿದಿದೆ, ಅದಕ್ಕೇ ಇಲ್ಲಿ ಕರಿ ಕರಡಿಗೆ ಎಣ್ಣೆ ಹುಯ್ದೆ ಅನ್ನುವುದಾ? ಕರಿಯಮ್ಮನ ತೋಳಿನ ಎದುರಿಗೆ ಈ ಮಾತನ್ನು ಇಟ್ಟು ನೋಡಿದ. ಶೆಡ್ಡಿನ ಐಸಿನ ಹಾಗೆ, ಬೆಳಕಿಗೆ ತಂದ ಕೂಡಲೇ ನೀರು. ಆದರೂ ಅದು ಸುಳ್ಳಾಗಿರಲಿಲ್ಲ, ಅದೇ ಕಷ್ಟ. ಆ ಸಂಜೆ ಅವನಿಗೆ ಬಂದ ಕಣ್ಣೀರು ಸುಳ್ಳಲ್ಲ.

ಮಧ್ಯಾಹ್ನ ಕಂಪ್ರೆಸರ್ ಪೂರ್ತಿ ನಿಂತಿತು. ಮೆಕ್ಯಾನಿಕ್ ಕೂನೂರಿನಿಂದ ಬರಬೇಕು ಎಂದ ಕಾರ್ತಿ, ಅಲ್ಲಿಯವರೆಗೆ ಮೀನಿನ ಅಂಗಡಿಯ ಐಸು ತರಿಸಿ ಒಡೆದು ಹಾಕಿಸಿದ. ಹಿಮಲೋಕದಲ್ಲಿ ಮೀನಿನ ನಾತ ಬಂದು ಇದ್ದವರೂ ಮೂಗು ಹಿಡಿದು ಹೊರಟರು. ಆಗ ಕಾರ್ತಿಗೆ ಒಂದು ಉಪಾಯ ಹೊಳೆಯಿತು. ಅಣ್ಣಾ, ನೀವು ರೋಡಿಗೆ ಹೋಗಿ ನಿಲ್ಲಿ, ಗಾಡಿಗಳಿಗೆ ಕೈ ಬೀಸಿ, ಜನ ಇಳೀತಾರೆ, ಅಷ್ಟರಲ್ಲಿ ಮೆಕ್ಯಾನಿಕ್ ಬರ್ತಾನೆ. ಹೀಗೆ ಪ್ರವೀಣ್‌ಕುಮಾರ್ ಕರಡಿಯ ತಲೆ ಹಾಕಿಕೊಂಡು, ಮಟಮಟ ಬಿಸಿಲಿನಲ್ಲಿ, ಬಜ್ಜಿ ಅಂಗಡಿಗೂ ಕಸದ ತೊಟ್ಟಿಗೂ ನಡುವೆ ನಿಂತ. ಕಾರುಗಳು ಹಾರ್ನ್ ಹೊಡೆದು ಹೋದವು. ಬಸ್ಸಿನ ಕಿಟಕಿಯಿಂದ ಯಾರೋ ಕಡಲೆಕಾಯಿ ಎಸೆದರು. ಒಂದು ನಾಯಿ ದೂರದಿಂದ ಬೊಗಳಿ, ಹತ್ತಿರ ಬಂದು ಬೊಗಳಿ, ಕಾಲು ಮೂಸಿ, ಇದರಲ್ಲಿ ಏನೂ ಇಲ್ಲ ಅನ್ನುವ ಹಾಗೆ ಹೋಗಿ ನೆರಳಲ್ಲಿ ಮಲಗಿತು. ಜೋಳ ಸುಡುವ ಮಲರ್‌ಕೊಡಿ, ಯಾರ ತಂಟೆಗೂ ಹೋಗದೆ ಎಲ್ಲರ ತಂಟೆಗೂ ಬಾಯಿ ಹಾಕುವ ಹೆಂಗಸು, ಕೆಂಡ ಬೀಸುತ್ತ ಕೂಗಿದಳು: "ಏನಪ್ಪಾ ಬಿಳಿಯಾ, ನಿನ್ನ ಐಸು ಕರಗಿತಾ? ಬಾ, ಜೋಳ ತಿನ್ನು. ಇನ್ನು ಇದೇ ನಿನಗೆ." ಸುತ್ತ ನಿಂತವರು ನಕ್ಕರು. ಅವಳು ತಮಾಷೆಗೆ ಅಂದದ್ದು. ನಿಜವಾಗಿಯೂ ಒಂದು ತೆನೆ ಸುಟ್ಟು, ನಿಂಬೆಹುಳಿ ಉಜ್ಜಿ, ತಂದು ಪಂಜದಲ್ಲಿ ಇಟ್ಟಳು. ಬಿಸಿಲಿನಲ್ಲಿ ಸಾಯ್ಬೇಡ, ತಲೆ ತೆಗಿ ಎಂದಳು ಮೆಲ್ಲಗೆ. ಅವನು ತೆಗೆಯಲಿಲ್ಲ. ತೆಗೆದರೆ ಅವಳು ಮುಖ ನೋಡುತ್ತಾಳೆ. ತೆನೆಯನ್ನು ಹಿಡಿದುಕೊಂಡು ನಿಂತ. ಅವಳ ಕೆಂಡದ ಹೊಗೆ ಬಲೆಯೊಳಗೆ ಬಂದು ತುಂಬಿತು, ಕಣ್ಣು ಉರಿಯಿತು. ಅವನಿಗೆ ಯಾರ ಮೇಲೆ ಎಂದು ತಿಳಿಯದ ಒಂದು ರೇಗು, ಕಾರ್ತಿಯ ಮೇಲೆ, ಕಡಲೆಕಾಯಿಯವನ ಮೇಲೆ, ಕೇಳದೇ ಎದ್ದು ನಿಂತು ನಾನೇ ಅಂದ ಅವ್ವೆಯ ಮೇಲೆ. ಅವಳಿಗೆ ಯಾರು ಹೇಳಿದರು ಅನ್ನಲು? ಅವಳು ಅನ್ನದಿದ್ದರೆ ನಾನೇ ಸಂಜೆ ಹೋಗಿ ಹೇಳುತ್ತಿದ್ದೆ. ಹೇಳುತ್ತಿದ್ದೆನಾ?

ಸಂಜೆಯ ಬಸ್ಸಿನಲ್ಲಿ ಮೊಬೈಲು ತೆಗೆಯಲಿಲ್ಲ. ಆದರೂ ಕಣ್ಣು ಮುಚ್ಚಿದರೆ ಆ ತೂತು. ಬಿಳಿಯ ಮೇಲೆ ಒಂದು ಕಪ್ಪು ತೂತು, ಅದರ ಪಕ್ಕ ಬೆಟ್ಟದ ಹಾಗೆ ಬಿದ್ದುಕೊಂಡ ಕರಡಿ, ಗಾಳಿಗೆ ಕೂದಲು ಮಾತ್ರ ಅಲ್ಲಾಡುತ್ತದೆ. ಒಳಗಿರುವುದು ಎಂದಾದರೂ ಉಸಿರಿಗೆ ಬರಲೇಬೇಕು, ಅದು ಕರಡಿಗೆ ಗೊತ್ತು. ಕರಡಿಯ ಬುದ್ಧಿಯೆಲ್ಲ ಅಷ್ಟೇ: ಇನ್ನೊಂದರ ಅನಿವಾರ್ಯ ಎಲ್ಲಿದೆ ಎಂದು ಕಂಡುಹಿಡಿದು ಅದರ ಬಾಯಲ್ಲಿ ಕೂರುವುದು. ದೊಡ್ಡಬೆಟ್ಟದ ಮಂಜು ಇಳಿದು ಬಸ್ಸಿನ ಗಾಜು ಬೆಳ್ಳಗಾಯಿತು. ಕಟ್ಟಬೆಟ್ಟಿನಲ್ಲಿ ಇಳಿದು ಹಟ್ಟಿಯ ಜೀಪು ಹಿಡಿದ. ಜೀಪಿನಲ್ಲಿದ್ದವರು ಎಂದಿನಂತೆ ಮಾತಾಡಿಸಿದರು, ಎಂದಿನಂತೆ ಕರಡಿಯಣ್ಣ ಅಂದರು. ಅವ್ವೆಯ ಮಾತು ಮಾತ್ರ ಯಾರೂ ಎತ್ತಲಿಲ್ಲ, ಎತ್ತದೇ ಇರಲು ಅವರು ಪಡುತ್ತಿದ್ದ ಪಾಡು ಅವನಿಗೆ ಕಾಣುತ್ತಿತ್ತು. ಒಬ್ಬರು, ವಯಸ್ಸಾದ ಮೇಲೆ ಕೈ ಅಳತೆ ತಪ್ಪುತ್ತದೆ ಬಿಡು, ಎಂದು ಯಾರಿಗೋ ಅನ್ನುವ ಹಾಗೆ ಅಂದರು.

ಗುಡಿಯ ಹತ್ತಿರ ಹಟ್ಟಿಯ ಅರ್ಧ ಜನ ಇದ್ದರು. ಕಬ್ಬಿಣದ ಕೂಂಡು, ಕರಡಿ ಬೀಳಿಸುವ ಬೋನು, ಬಂದು ಇಳಿದಿತ್ತು, ಒಂದು ಬದಿಗೆ ಮೇಲಿನಿಂದ ಬೀಳುವ ಬಾಗಿಲು, ಇನ್ನೊಂದು ಬದಿ ಮುಚ್ಚಿದ್ದು. ಅರಣ್ಯ ಇಲಾಖೆಯ ಚಿಕ್ಕ ಎಂಬ ವಾಚರ್ ಅದರ ಮೇಲೆ ಸೊಪ್ಪು ಹೊದಿಸುತ್ತಿದ್ದ. ಇದನ್ನು ಹಿಡಿದು ಎಲ್ಲಿಗೆ ಬಿಡ್ತೀರಿ ಎಂದು ಪ್ರವೀಣ ಕೇಳಿದ. ಮುದುಮಲೆಯ ಕಡೆಗೋ, ಎಲ್ಲಿಗೋ, ಮೇಲಿನವರು ಹೇಳಿದ ಕಡೆ, ಎಂದ ಚಿಕ್ಕ. ಅಲ್ಲೂ ಬೇರೆ ಕರಡಿ ಇರ್ತಾವೆ, ಇದನ್ನ ಸೇರಿಸ್ಕೊಂಡರೆ ಸೇರಿಸ್ಕೋತಾವೆ. ಹಲಸಿನ ಹಣ್ಣು ತಂದಿದ್ದ ಚಿಕ್ಕ, ಆದರೆ ಅದು ಬೇಡವೆಂದು ಹಟ್ಟಿಯವರೇ ಹೇಳಿದ್ದರು. ಈ ಕರಡಿ ಬರುವುದು ದೀಪದ ಎಣ್ಣೆಗೆ. ದೀಪ ಕೂಂಡಿನ ಒಳತುದಿಯಲ್ಲಿರಲಿ, ಇವತ್ತೊಂದು ದಿನ ಸ್ವಾಮಿ ಕ್ಷಮಿಸಲಿ ಎಂದು ಗೌಡ ಹಾಲಪ್ಪ ಗುಡಿಗೆ ಕಾಯಿ ಒಡೆದು ಕೇಳಿಕೊಂಡಿದ್ದ. ಆದರೆ ದೀಪ ಎಲ್ಲಿದ್ದರೂ ದೀಪವೇ. ವಾರದ ಮನೆಯವರ ಹೊರತು ಬೇರೆಯವರು ಹುಯ್ದು ಹಚ್ಚುವಂತಿಲ್ಲ, ವಾರ ಮುಗಿಯಲು ಇನ್ನೂ ದಿನವಿದೆ. ಕೆಂಪಿಯನ್ನು ಯಾರೋ ಕೈಹಿಡಿದು ಕರೆತಂದಿದ್ದರು. ಬಿಳಿ ಮುಂಡು, ತಲೆಗೆ ಬಿಳಿ ವಸ್ತ್ರ, ಕೈಯಲ್ಲಿ ಎಣ್ಣೆಯ ಡಬ್ಬಿ, ಸೌಟು. ಎಲ್ಲರೂ ಅವಳಿಗೆ ಜಾಗ ಬಿಟ್ಟು ನಿಂತಿದ್ದರು, ಗೌರವದ ಜಾಗವಲ್ಲ ಅದು. ಕೂಟದಲ್ಲಿ ಹೇಳಿಯಾಯಿತಲ್ಲ ಅಕ್ಕಾ, ಇದೊಂದು ಸಲ ಮುಗಿಸಿಬಿಡು, ಎಂದ ಹಾಲಪ್ಪ. ಹೇಳುವಾಗ ಅವಳ ಮುಖ ನೋಡಲಿಲ್ಲ.

ಕೆಂಪಿ ಮಗನ ಕಡೆ ಡಬ್ಬಿ, ಸೌಟು ಚಾಚಿದಳು. "ಎನ್ನ ಕೈ ನಡುಗ್ತದೆ. ಎನ್ನ ಮಗ ಹುಯ್ಯಲಿ."

ಕೂಂಡಿನ ಬಾಗಿಲು ಕರಡಿಯ ಎತ್ತರಕ್ಕೆ. ಬಾಗಿದರೆ ಸಾಲದು, ಪ್ರವೀಣ್‌ಕುಮಾರ್ ನಾಲ್ಕು ಕಾಲಿನ ಮೇಲೆ ಹೋಗಬೇಕಾಯಿತು, ಒಂದು ಕೈಯಲ್ಲಿ ಡಬ್ಬಿ, ಸೌಟು ಎತ್ತಿ ಹಿಡಿದು, ಇನ್ನೊಂದನ್ನು ತಣ್ಣನೆಯ ತಗಡಿಗೆ ಊರಿ. ಹಿಂದೆ ಯಾರೋ, ಅಭ್ಯಾಸ ಇದೆಯಲ್ಲ ಅವನಿಗೆ, ಎಂದರು, ಸಣ್ಣ ನಗು ಎದ್ದು ಅಡಗಿತು. ಒಳತುದಿಯಲ್ಲಿ ದೀಪದ ಬಟ್ಟಲು ಇಟ್ಟಿದ್ದರು. ಅಂಚಿನಲ್ಲಿ ಹಲ್ಲಿನ ಗುರುತು ಇತ್ತು. ಸರಳುಗಳ ನಡುವೆ ಅಂಗೈಯಗಲದ ಸಂದು, ಒಂದೊಂದು ಸಂದಿನಲ್ಲೂ ಹಟ್ಟಿಯ ಒಂದೊಂದು ತುಂಡು: ಹಾಲಪ್ಪನ ಕೋಲು, ಸಿಂಧುಜಾಳ ಸೆರಗು, ಗಿಡಗಳ ಸಾಲು, ಅವ್ವೆಯ ಬಿಳಿ ವಸ್ತ್ರ. ಒಂದು ಸೌಟು ಹುಯ್ದ. ಬಟ್ಟಲಿನ ತಳ ಒದ್ದೆಯಾಯಿತು. ಇಷ್ಟೇ ಇರಲಿ, ಬರದಿರಲಿ, ಎಂದು ಒಂದು ಕ್ಷಣ ಅನ್ನಿಸಿತು. ಬರದಿದ್ದರೆ ನಾಳೆ ಮುಂಜಾನೆ ಇನ್ನೊಬ್ಬಳು ಎಲೆಗೆ ಬಾಗುತ್ತಾಳೆ.

ಅವ್ವೆ ಸರಳಿನ ಹತ್ತಿರ ಬಂದು ನಿಂತಿದ್ದಳು. ಗಟ್ಟಿಯಾಗಿ ಹೇಳಲಿಲ್ಲ, ಗುಟ್ಟಾಗಿಯೂ ಹೇಳಲಿಲ್ಲ, ಅಡುಗೆಮನೆಯಲ್ಲಿ ಉಪ್ಪು ಹಾಕು ಅನ್ನುವ ಹಾಗೆ ಹೇಳಿದಳು. "ಒಂದು ಸೌಟಿಗ ಅದು ಬಾರದು. ತುಂಬ ಹುಯ್ಯಿ. ನಿನಗ ಅಳತೆ ಗೊತ್ತಲ್ಲ."

ಯಾರಿಗೂ ಅದರಲ್ಲಿ ಏನೂ ಕಾಣಲಿಲ್ಲ. ಪ್ರವೀಣ್‌ಕುಮಾರನ ಕಿವಿಯಲ್ಲಿ ಮಾತ್ರ ಆ ಮಾತು ಇಳಿದು, ಇಳಿದು, ತಳ ಮುಟ್ಟಿತು. ಅವನು ಡಬ್ಬಿಯನ್ನು ಬಗ್ಗಿಸಿದ. ಎಣ್ಣೆ ಏರಿತು, ಅಂಚಿಗೆ ಬಂದು ದುಂಡಗಾಗಿ ನಿಂತಿತು, ಕೈ ತಾನಾಗಿ ನಿಂತಿತು. ಹುಯ್ದವನು ನಾನು, ಎಂದ. ತಲೆ ಬಾಗಿಸಿ, ಬಟ್ಟಲಿಗೆ ಹೇಳಿದ ಹಾಗೆ ಹೇಳಿದ. ತಗಡಿಗೆ ಬಡಿದು ಹೊರಗೆ ಹೋದದ್ದು ಮಾತೋ ಗೊರಗೊರವೋ, ಚಿಕ್ಕ ಮೇಲಿನಿಂದ ಸೊಪ್ಪು ಸರಿಸಿ ಇಣುಕಿದ. ಅಣ್ಣಾ, ಒಳಗೆ ಮಾತಾಡಬೇಡಿ, ಮನುಷ್ಯರ ಸದ್ದು ಕೇಳಿದರೆ ಅದು ಹತ್ತಿರ ಬರಲ್ಲ. ಹಾಲಪ್ಪ ಕೋಲೂರಿ ಬಗ್ಗಿದ.

"ಏನಂದೆ?"

ಎಲ್ಲರೂ ಕಾಯುತ್ತಿದ್ದರು. ಅಷ್ಟೂ ಸಂದುಗಳಲ್ಲಿ ಅಷ್ಟೂ ಮುಖಗಳು, ಮಿಸುಕಾಡದೆ, ಒಳಗಿರುವುದು ಈಗ ಉಸಿರಿಗೆ ಬಂದೇ ಬರುತ್ತದೆ ಅನ್ನುವ ಹಾಗೆ. ಸಿಂಧುಜಾಳ ಮುಖವೂ ಇತ್ತು. ಪ್ರವೀಣ್‌ಕುಮಾರ್ ಬಾಯಿ ತೆರೆದ.

"ಬತ್ತಿ ಕೊಡಿ ಅಂದೆ."

ಕೆಂಪಿ ಸೆರಗಿನ ಗಂಟು ಬಿಚ್ಚಿ, ತಾನೇ ಹೊಸೆದ ಬತ್ತಿಯನ್ನು ತೆಗೆದು, ಸರಳುಗಳ ಸಂದಿನೊಳಗೆ ಕೈ ಹಾಕಿ ಚಾಚಿದಳು. ಅವನು ತೆಗೆದುಕೊಳ್ಳುವವರೆಗೂ ಆ ಕೈ ಅಲ್ಲೇ, ತುಂಬಿದ ಎಣ್ಣೆಯ ಮೇಲೆ, ಅವನ ಕಣ್ಣಿನ ಎದುರಿಗೆ ಇತ್ತು. ಅದು ಒಂದಿಷ್ಟೂ ನಡುಗುತ್ತಿರಲಿಲ್ಲ.